ಐದು ಹಳೆಯ ಕಂಪ್ಯೂಟರು ಮತ್ತು ಒಂದು ಸಹಿ

"ಗಿರಿಜಾನ ಕಡಿಂದ ಡಿಗ್ರಿ ಆಗೂದಿಲ್ಲ" ಎಂದು ಮೊದಲು ಹೇಳಿದವರು ನನ್ನ ಗಂಡನ ಅಣ್ಣ ಪ್ರಭಾಕರ ಭಾವ. 1993ನೇ ಇಸವಿ. ಅವರು ಅಮೆರಿಕದ ಕ್ಯುಪರ್ಟಿನೋದಲ್ಲಿ ಹೊಸ ಮನೆ ಕೊಂಡು, ನಮ್ಮ ಕಡೆಯ ನಾಲ್ಕಾರು ಕುಟುಂಬಗಳನ್ನು ಊಟಕ್ಕೆ ಕರೆದಿದ್ದರು. ನಾನು ರೊಟ್ಟಿ ಬಡಿಸುತ್ತಿದ್ದೆ. ಕಾಲೇಜು ಸೇರಬೇಕೆಂದಿದ್ದೇನೆ ಎಂದು ಯಾರಿಗೋ ಹೇಳಿದ್ದು ಅವರ ಕಿವಿಗೆ ಬಿತ್ತು. "ಅಲ್ಲವಾ ಗಿರಿಜಾ, ಪಿಯುಸಿ ಇಂಗ್ಲಿಷ್‌ನ್ಯಾಗ ಎರಡು ಸಲ ಡುಮ್ಕಿ ಹೊಡದಾಕಿ ನೀ. ಇಲ್ಲಿ ಕಾಲೇಜಂದ್ರ ನಿಮ್ಮಪ್ಪನ ಹೊಲಿಗಿ ಮಷಿನ್ ಅಂಗಡಿ ಅಲ್ಲ, ಎಣ್ಣಿ ಬಿಟ್ಟಕೂಡ್ಲೆ ತಿರಗಾಕ" ಎಂದರು. ಊಟಕ್ಕೆ ಕುಳಿತವರೆಲ್ಲ ನಕ್ಕರು. ನನ್ನ ಗಂಡನೂ ತಲೆ ತಗ್ಗಿಸಿಕೊಂಡೇ ನಕ್ಕರು. ನಾನು ಭಾವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದೆ. ಆ ರೊಟ್ಟಿ ಹಾಕಿದ್ದಕ್ಕೆ ನನಗೆ ಇವತ್ತಿಗೂ ನನ್ನ ಮೇಲೇ ಸಿಟ್ಟಿದೆ.

ಭಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗದಗಿನಲ್ಲಿ ನಮ್ಮಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಅಪ್ಪನದು ನಾಲ್ಕನೆಯ ಇಯತ್ತೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ಮನೆತನದಲ್ಲಿ ಪದವಿ ಪತ್ರ ಹೇಗಿರುತ್ತದೆ ಎಂದು ಕಂಡವರೇ ಇರಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಭಾವನೊಬ್ಬರೇ ಇಂಜಿನಿಯರು. ಅಮೆರಿಕಕ್ಕೆ ನಮ್ಮನ್ನು ಕರೆಸಿಕೊಂಡವರೂ ಅವರೇ. ನನ್ನ ಗಂಡ ಸಾಂಟಾ ಕ್ಲಾರಾದ ಎಲ್ ಕಮಿನೋ ರಸ್ತೆಯಲ್ಲಿ ಒಂದು ಇಂಡಿಯನ್ ಗ್ರೋಸರಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆ ಬೆರ್ರಿಯೆಸಾದಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ಅತ್ತೆ ನಮ್ಮ ಜೊತೆಗೇ ಇರುತ್ತಿದ್ದರು. ದೊಡ್ಡ ಮಗನ ದೊಡ್ಡ ಮನೆ ಬಿಟ್ಟು ಇಲ್ಲೇಕೆ ಎಂದು ಯಾರಾದರೂ ಕೇಳಿದರೆ, "ಅಲ್ಲಿ ಮಾತಾಡಾಕ ಮಂದಿ ಇಲ್ಲ, ಬರೇ ಕಾರ್ಪೆಟ್ಟು" ಅನ್ನುತ್ತಿದ್ದರು.

ನಾನು ಕಾಲೇಜು ಸೇರಿದೆ. ಮೊದಲು ಇಂಗ್ಲಿಷ್ ಕಲಿಯುವ ತರಗತಿ, ಆಮೇಲೆ ಕಮ್ಯೂನಿಟಿ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ. ಒಂದು ಸೆಮಿಸ್ಟರಿಗೆ ಎರಡೇ ವಿಷಯ, ಕೆಲವು ಸಲ ಒಂದೇ. ಮಗಳು ಪೂಜಾಳನ್ನು ಅತ್ತೆ ನೋಡಿಕೊಂಡರು. ಬೆರ್ರಿಯೆಸಾದಲ್ಲಿ ಈಗ ರೈಲು ಸ್ಟೇಷನ್ ಬಂದಿದೆ. ನನ್ನ ಕಾಲದಲ್ಲಿ ಎರಡು ಬಸ್ಸು ಬದಲಿಸಬೇಕಿತ್ತು. ಹೀಗೆ ಏಳು ವರ್ಷ ಕಳೆದು 2000ನೇ ಇಸವಿ ಬಂತು. ಇನ್ಫರ್ಮೇಶನ್ ಸಿಸ್ಟಮ್ಸ್ ಪದವಿಗೆ ಒಂದೇ ಸೆಮಿಸ್ಟರ್ ಬಾಕಿ ಇತ್ತು.

ಆಗ ನಾನು ವಿಶ್ವವಿದ್ಯಾಲಯದ ಲೈಬ್ರರಿಯಲ್ಲೇ ವಿದ್ಯಾರ್ಥಿ ಸಹಾಯಕಿ. ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ನನ್ನ ಕೆಲಸ ಯಂತ್ರಗಳದ್ದು. ಪ್ರಿಂಟರಿನಲ್ಲಿ ಸಿಕ್ಕ ಕಾಗದ ಬಿಡಿಸುವುದು, ಮೌಸಿನ ಗುಂಡು ತೆಗೆದು ಒಳಗೆ ಸುತ್ತಿದ ಧೂಳಿನ ಎಳೆ ಕೀಳುವುದು, ಹಳೆಯ ಪತ್ರಿಕೆಗಳ ಫಿಲ್ಮು ಓದುವ ಯಂತ್ರಕ್ಕೆ ದೀಪ ಹಾಕುವುದು. ಒಮ್ಮೆ ಆ ಫಿಲ್ಮು ಯಂತ್ರದ ರಬ್ಬರ್ ಬಳೆ ಕಡಿದು, ಅದು ಈಗ ಸಿಗುವುದೇ ಇಲ್ಲ ಎಂದು ಮೂಲೆಗೆ ತಳ್ಳಿದ್ದರು. ನಾನು ಬಟ್ಟೆ ಅಂಗಡಿಗೆ ಹೋಗಿ, ಹೊಲಿಗೆ ಯಂತ್ರದಲ್ಲಿ ಬಾಬಿನ್ ಸುತ್ತುವಾಗ ಬಳಸುವ ರಬ್ಬರ್ ಬಳೆ ತಂದು ಹಾಕಿದೆ. ತಿರುಗಿತು. ವಿಚಾರಣೆ ಮೇಜಿನ ಲೈಬ್ರರಿಯನ್ ಡೊಲೊರೆಸ್ ಎಂಬ ಹಿರಿಯ ಹೆಂಗಸು ಅದನ್ನು ನೋಡಿ, "ಇದನ್ನು ಎಲ್ಲಿ ಕಲಿತೆ?" ಎಂದು ಕೇಳಿದರು. "ಗದಗಿನಲ್ಲಿ" ಎಂದೆ. ಅದು ದೊಡ್ಡ ತಾಂತ್ರಿಕ ಸಂಸ್ಥೆ ಇರಬೇಕೆಂದು ಅವರು ತಲೆಯಾಡಿಸಿದರು. ನಾನೂ ತಿದ್ದಲಿಲ್ಲ.

ಆ ವರ್ಷ ಜನವರಿಯಲ್ಲಿ ಲೈಬ್ರರಿಯ ಎಲ್ಲ ಕಂಪ್ಯೂಟರು ಬದಲಾಗುತ್ತವೆ ಎಂದು ಸುದ್ದಿ ಬಂತು. ಡಾಟ್‌ಕಾಮ್ ಅಬ್ಬರದ ಕಾಲ. ಯಾವುದೋ ಕಂಪನಿ ದೇಣಿಗೆ ಕೊಟ್ಟಿತ್ತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಕರ್ಟಿಸ್ ಎಂಬಾತ ಎಲ್ಲರನ್ನೂ ಮೀಟಿಂಗಿಗೆ ಕರೆದು ಹೊಸ ಯಂತ್ರದ ಒಂದು ಮಾದರಿ ತೋರಿಸಿದ. ನೋಡಲು ಚೆಂದ ಇತ್ತು, ಸುಳ್ಳು ಹೇಳಬಾರದು. ನಾನು ರೂಢಿಯಂತೆ ಅದನ್ನು ಸುತ್ತಿ ಬಂದು ಮುಂದೆ, ಹಿಂದೆ, ಪಕ್ಕ ಎಲ್ಲ ತಡವಿ ನೋಡಿದೆ. ಫ್ಲಾಪಿ ತೂರಿಸುವ ಸೀಳು ಎಲ್ಲೂ ಇರಲಿಲ್ಲ.

ಈಗಿನ ಮಕ್ಕಳಿಗೆ ಫ್ಲಾಪಿ ಗೊತ್ತಿಲ್ಲ. ಅಂಗೈಯಗಲದ ಚೌಕ ಪ್ಲಾಸ್ಟಿಕ್ಕು. ನಮ್ಮಂಥ ವಿದ್ಯಾರ್ಥಿಗಳ ಇಡೀ ಓದು ಅದರೊಳಗೇ ಇರುತ್ತಿತ್ತು. ಮನೆಯಲ್ಲಿ ಯಾರೋ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಟೈಪು ಮಾಡುವುದು, ಫ್ಲಾಪಿಯಲ್ಲಿ ತುಂಬಿಕೊಳ್ಳುವುದು, ಲೈಬ್ರರಿಗೆ ತಂದು ತಿದ್ದಿ ಪ್ರಿಂಟು ತೆಗೆದು ಕ್ಲಾಸಿಗೆ ಓಡುವುದು. ಮನೆಯಲ್ಲಿ ಪ್ರಿಂಟರ್ ಇಲ್ಲದ, ಇಂಟರ್ನೆಟ್ ಇಲ್ಲದ ಪ್ರತಿಯೊಬ್ಬರೂ ಮಾಡುತ್ತಿದ್ದದ್ದು ಅದನ್ನೇ.

ನಾನು ಕೈ ಎತ್ತಿದೆ. "ಫ್ಲಾಪಿ ಎಲ್ಲಿ ಹಾಕೋದು?"

ಕರ್ಟಿಸ್ ನಕ್ಕ. "ಫ್ಲಾಪಿ ಸತ್ತು ಹೋಯ್ತು ಗಿರಿಜಾ. ಎಲ್ಲರೂ ಫೈಲನ್ನ ತಮಗೆ ತಾವೇ ಇ-ಮೇಲ್ ಮಾಡಿಕೋತಾರೆ."

"ಮನೇಲಿ ಇಂಟರ್ನೆಟ್ ಇಲ್ಲದವರು?"

"ಈ ವ್ಯಾಲಿಯಲ್ಲಿ ಮನೇಲಿ ಇಂಟರ್ನೆಟ್ ಇಲ್ಲದವರು ಯಾರಿದಾರೆ?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನನ್ನ ಮನೆಯಲ್ಲಿ ಇರಲಿಲ್ಲ. ಪಕ್ಕದಿಂದ ಜೋಡಿಸುವ ಫ್ಲಾಪಿ ಡ್ರೈವು ಸಿಗುತ್ತದಲ್ಲ, ಮಹಡಿಗೆ ನಾಲ್ಕಾದರೂ ತರಿಸಿ ಎಂದೆ. "ಅದು ಎರಡನೇ ಹಂತ" ಎಂದು ಹೇಳಿ ಆತ ಪರದೆಯ ಮೇಲೆ ಮುಂದಿನ ಚಿತ್ರ ತೋರಿಸಿದ.

ಮಾರ್ಚ್ ಕೊನೆಯ ವಾರದ ರಜೆಯಲ್ಲಿ ಹಳೆಯವನ್ನೆಲ್ಲ ಕಿತ್ತು ಹೊಸವನ್ನು ಹೂಡಿದರು. ರಜೆ ಮುಗಿದ ಸೋಮವಾರ ನಾನು ಕಂಡ ನೋಟವನ್ನು ಎಂದೂ ಮರೆಯಲಾರೆ. ಸಾಲುಸಾಲು ಹೊಸ ಕಂಪ್ಯೂಟರು. ಅವುಗಳ ಮುಂದೆ ಕೈಯಲ್ಲಿ ಫ್ಲಾಪಿ ಹಿಡಿದು ನಿಂತ ಜನ. ಒಬ್ಬ ಯಂತ್ರವನ್ನು ಎತ್ತಿ ಅಡಿಯಲ್ಲಿ ಹುಡುಕುತ್ತಿದ್ದ. ಇನ್ನೊಬ್ಬ ಗಾಳಿಯಾಡುವ ಕಿಂಡಿಗೆ ಫ್ಲಾಪಿ ತುರುಕಲು ನೋಡುತ್ತಿದ್ದ. ಅವರು ದಡ್ಡರಲ್ಲ. ಅಲ್ಲಿ ಸೀಳು ಇಲ್ಲದೆ ಇರಬಹುದು ಎಂದು ನಂಬಲು ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ.

ಥುಯ್ ಎಂಬ ವಿಯೆಟ್ನಾಮಿನ ಹೆಂಗಸು ನನ್ನ ಹತ್ತಿರ ಬಂದಳು. ನನ್ನದೇ ವಯಸ್ಸು. ಆಸ್ಪತ್ರೆಯ ಕೆಲಸ ಮುಗಿಸಿ, ಅದೇ ನೀಲಿ ಸಮವಸ್ತ್ರದಲ್ಲಿ ನರ್ಸಿಂಗ್ ಓದಲು ಬರುತ್ತಿದ್ದವಳು. ಫ್ಲಾಪಿಯನ್ನು ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು.

"ನಾಲ್ಕು ಗಂಟೆಗೆ ಪೇಪರ್ ಕೊಡಬೇಕು. ಇದನ್ನ ಎಲ್ಲಿ ಹಾಕ್ಲಿ?"

"ಹಾಕೋಕೆ ಆಗಲ್ಲ" ಎಂದೆ.

"ಆಗಲ್ಲ ಅಂದ್ರೆ? ರಜೆಗೆ ಮುಂಚೆ ಆಗ್ತಿತ್ತಲ್ಲ?"

"ಹೊಸ ಮಷಿನ್ನು."

"ಹೊಸದು ಅಂದ್ರೆ ಹಳೇದಕ್ಕಿಂತ ಜಾಸ್ತಿ ಮಾಡಬೇಕು. ಕಡಿಮೆ ಮಾಡೋದನ್ನ ಹೊಸದು ಅಂತ ಯಾಕಂತೀರಾ? ನೀನು ಇಲ್ಲೇ ಕೆಲಸ ಮಾಡೋಳು ತಾನೆ? ಏನಾದ್ರೂ ಮಾಡು."

ನಾನು ಏನೂ ಮಾಡಲಿಲ್ಲ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆಕೆ ಗೋಡೆಯ ಗಡಿಯಾರ ನೋಡಿ ಹೊರಟು ಹೋದಳು. ಮಾರನೆಯ ದಿನ ಬಂದು, ತಡವಾಯಿತೆಂದು ಮೇಷ್ಟ್ರು ಒಂದು ದರ್ಜೆ ಇಳಿಸಿದರು ಎಂದು ಹೇಳಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು. ಜನವರಿಯಲ್ಲಿ ಆ ಮೀಟಿಂಗಿನಲ್ಲಿ ಎರಡು ಪ್ರಶ್ನೆ ಕೇಳಿ ಕೂತುಬಿಟ್ಟೆನಲ್ಲ, ಮೂರನೆಯದು ಯಾಕೆ ಕೇಳಲಿಲ್ಲ?

ನನ್ನ ಕೊನೆಯ ಪ್ರಾಜೆಕ್ಟ್ ವರದಿಯೂ ಮೂರು ಫ್ಲಾಪಿಯಲ್ಲಿ ಕೂತಿತ್ತು. ಭಾವನ ಮನೆಯಲ್ಲಿ ಕಂಪ್ಯೂಟರೂ ಇತ್ತು, ಪ್ರಿಂಟರೂ ಇತ್ತು. ಅಲ್ಲಿಗೆ ಹೋಗುವುದಕ್ಕಿಂತ ವರದಿಯನ್ನು ಕೈಯಲ್ಲೇ ಬರೆದು ಕೊಡುತ್ತಿದ್ದೆ.

ಹಳೆಯ ಕಂಪ್ಯೂಟರುಗಳು ಎಲ್ಲೂ ಹೋಗಿರಲಿಲ್ಲ. ನೆಲಮಾಳಿಗೆಯಲ್ಲಿ ಹಲಗೆಗಳ ಮೇಲೆ ಪೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಲಾರಿ ಬರುವುದಕ್ಕೆ ಕಾಯುತ್ತಿದ್ದವು. ಬುಧವಾರ ಡೊಲೊರೆಸ್ ಹತ್ತಿರ ಹೋಗಿ, "ಅದರಲ್ಲಿ ಐದು ಮೇಲೆ ತರ್ತೀನಿ" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕನ್ನಡಕ ಇಲ್ಲದೆ ನನಗೇನೂ ಕಾಣಿಸಲ್ಲ" ಎಂದರು. ನಾನು ಪುಸ್ತಕದ ತಳ್ಳುಗಾಡಿ ತೆಗೆದುಕೊಂಡು ಇಳಿದೆ. ಐದು ಪೆಟ್ಟಿಗೆ, ಐದು ಪರದೆ, ಒಂದು ಪ್ರಿಂಟರು. ಯಾರೂ ಹೆಚ್ಚು ಬಾರದ, ಫಿಲ್ಮು ಯಂತ್ರಗಳಿರುವ ಎರಡನೆಯ ಮಹಡಿಯ ಕೋಣೆಯಲ್ಲಿ ಹೂಡಿದೆ. ಎರಡರ ಡ್ರೈವು ಧೂಳು ತಿಂದು ಸತ್ತಿದ್ದವು. ಬಿಚ್ಚಿ ಒರೆಸಿ ಎಬ್ಬಿಸಿದೆ. ಬಾಗಿಲಿಗೆ 'ಫ್ಲಾಪಿ ಇಲ್ಲಿ' ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿದೆ. ಮಧ್ಯಾಹ್ನದೊಳಗೆ ಆ ಬಾಗಿಲಿನಿಂದ ಮೆಟ್ಟಿಲವರೆಗೆ ಸಾಲು ನಿಂತಿತ್ತು. ಥುಯ್ ನೀಲಿ ಸಮವಸ್ತ್ರದಲ್ಲಿ ಮೂರನೆಯವಳಾಗಿ ನಿಂತಿದ್ದಳು. ನನ್ನ ವರದಿಯನ್ನೂ ಅಲ್ಲೇ ಪ್ರಿಂಟು ತೆಗೆದು ಕೊಟ್ಟೆ.

ಎರಡು ವಾರ ನಡೆಯಿತು. ಒಂದು ದಿನ ಕರ್ಟಿಸ್, ದೇಣಿಗೆ ಕೊಟ್ಟ ಕಂಪನಿಯವರನ್ನು ಲೈಬ್ರರಿ ತೋರಿಸಲು ಕರೆತಂದ. ಕೆಳಗೆ ಹೊಸ ಕಂಪ್ಯೂಟರುಗಳ ಮುಂದೆ ಅಲ್ಲೊಬ್ಬರು ಇಲ್ಲೊಬ್ಬರು ಸುದ್ದಿ ಓದುತ್ತಿದ್ದರು. ಮೇಲೆ ಮೆಟ್ಟಿಲ ತನಕ ಸಾಲು. ಬಂದವರಲ್ಲಿ ಒಬ್ಬಾತ, "ಇವರೆಲ್ಲ ಯಾಕೆ ಇಲ್ಲಿ ನಿಂತಿದ್ದಾರೆ?" ಎಂದು ಕೇಳಿದ. ಸಾಲಿನಲ್ಲಿದ್ದವರು ನಾಲ್ಕೈದು ಜನ ಒಟ್ಟಿಗೇ ಉತ್ತರ ಕೊಟ್ಟರು. ಕರ್ಟಿಸನ ಕಿವಿ ಕೆಂಪಾದದ್ದನ್ನು ನಾನು ಕೋಣೆಯೊಳಗಿನಿಂದಲೇ ನೋಡಿದೆ.

ಅವರನ್ನು ಕಳಿಸಿ ಬಂದು ನನ್ನನ್ನು ಕರೆದ. "ಇದಕ್ಕೆ ಪರ್ಮಿಷನ್ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ಲ. ನಾನೇ ಮಾಡಿದ್ದು."

"ಪ್ರತಿ ಮಷಿನ್ ಮೇಲೂ ನಂಬರಿನ ಚೀಟಿ ಇದೆ. ಇದು ಸರ್ಕಾರಿ ಆಸ್ತಿ. ಫಾರಂ ತುಂಬದೆ ಒಂದು ಮಹಡಿಯಿಂದ ಇನ್ನೊಂದಕ್ಕೆ ತಗೊಂಡು ಹೋಗೋ ಹಾಗಿಲ್ಲ."

"ಹಾಗಾದ್ರೆ ಫಾರಂ ಕೊಡಿ, ತುಂಬ್ತೀನಿ."

ಫಾರಂ ಕೊಡಲಿಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ. ಐದು ಯಂತ್ರಗಳನ್ನೂ ಅಂದೇ ಕೆಳಗೆ ಸಾಗಿಸಿದರು. ಸಾಲಿನಲ್ಲಿದ್ದವರು ನೋಡುತ್ತಿದ್ದಂತೆಯೇ ಕೋಣೆಗೆ ಬೀಗ ಬಿತ್ತು. ಮನೆಗೆ ಬಂದು ಹೇಳಿದಾಗ ನನ್ನ ಗಂಡ, "ಹೋಗ್ಲಿ ಬಿಡು, ಇನ್ನೊಂದು ತಿಂಗಳು. ಪರೀಕ್ಷೆ ಮುಗಿಸು" ಎಂದರು. ಸರಿ ಎಂದುಕೊಂಡೆ. ಅದು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೇ ತಿಂಗಳ ಮೊದಲ ವಾರ ಒಂದು ಲಕೋಟೆ ಬಂತು. ನನ್ನ ಹೆಸರಿನಲ್ಲಿ ಲೈಬ್ರರಿಯ ಐದು ಕಂಪ್ಯೂಟರು ಬಾಕಿ ಇವೆ, ಅವು ವಾಪಸು ಬರುವವರೆಗೆ ನನ್ನ ದಾಖಲೆಯ ಮೇಲೆ ತಡೆ ಹಾಕಿದ್ದೇವೆ, ಪದವಿ ಪತ್ರ ಕೊಡಲಾಗುವುದಿಲ್ಲ ಎಂದು ಬರೆದಿತ್ತು. ನಾನು ಮೂರು ಸಲ ಓದಿದೆ. ನನ್ನ ಮುಖ ನೋಡಿ ಎಂಟು ವರ್ಷದ ಪೂಜಾ, "ಅಮ್ಮಾ, ಆರ್ ಯೂ ಇನ್ ಟ್ರಬಲ್?" ಎಂದು ಕೇಳಿದಳು.

"ಏನಂತೈತಿ ಕೂಸು?" ಎಂದರು ಅತ್ತೆ.

"ನನ್ನ ಕಳ್ಳಿ ಅಂದಾರ, ಅತ್ತಿ."

ಆದದ್ದು ಇಷ್ಟು. ಐದು ಯಂತ್ರಗಳು ಮೇಲಿದ್ದ ಎರಡು ವಾರದಲ್ಲೇ ಲಾರಿ ಬಂದು ಉಳಿದವನ್ನು ಹೇರಿಕೊಂಡು ಹೋಗಿತ್ತು. ಎಣಿಸಿದಾಗ ಐದು ಕಡಿಮೆ ಬಂದವು. ಎಲ್ಲಿ ಎಂದು ಆಸ್ತಿ ವಿಭಾಗದವರು ಕೇಳಿದ್ದಕ್ಕೆ ಕರ್ಟಿಸ್, ನನ್ನನ್ನು ಬಿಡಿಸಿದ ದಿನವೇ, 'ವಿದ್ಯಾರ್ಥಿ ಸಹಾಯಕಿ ತೆಗೆದುಕೊಂಡು ಹೋಗಿದ್ದಾರೆ' ಎಂದು ನನ್ನ ಹೆಸರು ಬರೆದು ಕಳಿಸಿದ. ನೆಲಮಾಳಿಗೆಗೆ ಅವು ಮರಳಿದ ಮೇಲೆ ಆ ಮಾತನ್ನು ತಿದ್ದಬೇಕೆಂದು ಅವನಿಗೆ ತೋಚಲಿಲ್ಲ, ಅಥವಾ ತೋಚಿದರೂ ಬೇಡವಾಯಿತು. ಯಂತ್ರಗಳು ಅವನ ಕಾಲ ಕೆಳಗೇ ಇದ್ದವು. ಕಾಗದದಲ್ಲಿ ಮಾತ್ರ ನನ್ನ ಮನೆಯಲ್ಲಿದ್ದವು.

ರಿಜಿಸ್ಟ್ರಾರ್ ಕಿಟಕಿಗೆ ಹೋದೆ. ಲೈಬ್ರರಿಯನ್ನು ಕೇಳಿ ಎಂದರು. ಲೈಬ್ರರಿಯಲ್ಲಿ, ಇದು ಆಸ್ತಿ ವಿಭಾಗದ್ದು ಎಂದರು. ಆಸ್ತಿ ವಿಭಾಗದಲ್ಲಿ, ದೂರು ಬರೆದವರೇ ಸಹಿ ಮಾಡಿ ಹಿಂತೆಗೆದುಕೊಳ್ಳಬೇಕು ಎಂದು ಒಂದು ಫಾರಂ ಕೊಟ್ಟರು. ಫಾರಂ ಹಿಡಿದು ಕರ್ಟಿಸನ ಬಾಗಿಲಿಗೆ ಮೂರು ದಿನ ಹೋದೆ. ಮೊದಲ ದಿನ ಮೀಟಿಂಗು. ಎರಡನೆಯ ದಿನ, "ಯಂತ್ರಗಳನ್ನು ನೋಡಿ ಖಾತ್ರಿ ಮಾಡಿಕೊಳ್ಳದೆ ಸಹಿ ಹಾಕೋಕಾಗಲ್ಲ" ಎಂದ. ಕೆಳಗೇ ಇವೆಯಲ್ಲ, ನಡೆಯಿರಿ ಎಂದೆ. ಈಗ ಪುರುಸೊತ್ತಿಲ್ಲ ಎಂದ. ಮೂರನೆಯ ದಿನ ಬಾಗಿಲು ಮುಚ್ಚಿತ್ತು. ಡೊಲೊರೆಸ್ ನನ್ನನ್ನು ಪಕ್ಕಕ್ಕೆ ಕರೆದರು. "ನಿನಗೆ ಗೊತ್ತಿಲ್ವಾ? ಅವನು ಕೆಲಸ ಬಿಡ್ತಾ ಇದಾನೆ. ಯಾವುದೋ ಹೊಸ ಡಾಟ್‌ಕಾಮ್ ಕಂಪನಿ. ಶುಕ್ರವಾರ ಕೊನೇ ದಿನ."

ಅವನು ಹೋದರೆ ದೂರು ಬರೆದವನೇ ಇಲ್ಲ. ಇಲ್ಲದವನ ಸಹಿಗೆ ನಾನು ಯಾರ ಬಾಗಿಲು ಬಡಿಯಲಿ?

ಆ ಸಂಜೆ ನನ್ನ ಗಂಡ ನನ್ನನ್ನು ಕೇಳದೆ ಅಣ್ಣನಿಗೆ ಫೋನು ಮಾಡಿದರು. ಏನಾದರೂ ದಾರಿ ಹೇಳಬಹುದು ಎಂದು. ಭಾವ ಫೋನಿನಲ್ಲಿ ನನ್ನನ್ನು ಕರೆಸಿದರು. "ನಾ ಮೊದಲ ಹೇಳಿದ್ನಲ್ಲವಾ, ಇದು ನಿನ್ನಂಥಾಕಿಗೆ ಅಲ್ಲಂತ. ಸುಮ್ನ ಒಂದು ಕ್ಷಮಾಪಣೆ ಬರದು ಕೊಡು. ತಪ್ಪಾತು ಅನ್ನು. ಮುಂದಿನ ವರ್ಷನಾರ ಕೊಡ್ತಾರ."

"ತಪ್ಪು ಆಗಿಲ್ರೀ ಭಾವಾ."

"ಆಗಿಲ್ಲಂದ್ರೂ ಅನ್ನು. ಇಲ್ಲಿ ಹಂಗ ನಡಿತೈತಿ."

ಹಂಗ ನಡೆಯುವುದನ್ನು ಏಳು ವರ್ಷ ನೋಡಿದ್ದೆ. ಫೋನು ಇಟ್ಟೆ. ಭಾವನ ಮಾತನ್ನು ಅರ್ಧಕ್ಕೆ ಕಡಿದದ್ದು ಅದೇ ಮೊದಲು.

ಶುಕ್ರವಾರ ಮಧ್ಯಾಹ್ನ ಡೊಲೊರೆಸ್ ನೆಲಮಾಳಿಗೆಯ ಕೀಲಿಕೈ ಹಿಡಿದು ನನಗಾಗಿ ಕಾಯುತ್ತಿದ್ದರು. ಈ ಸಲ ಕನ್ನಡಕ ಹಾಕಿಕೊಂಡೇ ಇದ್ದರು. ಐದು ಪೆಟ್ಟಿಗೆಗಳೂ ಬಲ್ಬಿನ ರಟ್ಟಿನ ಡಬ್ಬಗಳ ಹಿಂದೆ, ಅವರು ಇಳಿಸಿದ್ದ ಜಾಗದಲ್ಲೇ ಇದ್ದವು. ಬೆಳ್ಳಿ ಬಣ್ಣದ ನಂಬರಿನ ಚೀಟಿಗಳು ಹಾಗೇ ಇದ್ದವು. ಇಬ್ಬರೂ ಎತ್ತಿ ತಳ್ಳುಗಾಡಿಗೆ ಹೇರಿದೆವು. ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಹೋದೆವು. ಅಲ್ಲಿ ಮೀಟಿಂಗ್ ಕೋಣೆಯಲ್ಲಿ ಕರ್ಟಿಸನ ಬೀಳ್ಕೊಡುಗೆ ನಡೆಯುತ್ತಿತ್ತು. ಕೇಕು ಕತ್ತರಿಸಿ ಆಗಿತ್ತು. ಲೈಬ್ರರಿಯ ನಿರ್ದೇಶಕಿ, ಎತ್ತರದ ಹೆಂಗಸು, ಕಾಗದದ ತಟ್ಟೆ ಹಿಡಿದು ನಿಂತಿದ್ದರು. ತಳ್ಳುಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಎಲ್ಲರೂ ತಿರುಗಿದರು.

"ಗಿರಿಜಾ, ಇದಕ್ಕೆಲ್ಲ ಇದು ಸಮಯ ಅಲ್ಲ" ಎಂದ ಕರ್ಟಿಸ್.

"ಸೋಮವಾರದಿಂದ ನೀವೇ ಇರಲ್ಲ. ಅದಕ್ಕೇ ಈಗ ಬಂದೆ. ನೋಡಿ ಖಾತ್ರಿ ಮಾಡಿಕೋಬೇಕು ಅಂದಿದ್ರಿ. ನೋಡಿ."

ಫಾರಮ್ಮಿನಲ್ಲಿದ್ದ ಐದು ನಂಬರನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಓದಿದಂತೆ ಡೊಲೊರೆಸ್ ಆ ಪೆಟ್ಟಿಗೆಯ ಚೀಟಿಯ ಮೇಲೆ ಬೆರಳಿಟ್ಟು "ಇದೆ" ಎನ್ನುತ್ತಾ ಹೋದರು. ಐದು ಸಲ "ಇದೆ". ಯಾರೂ ಕೇಕು ತಿನ್ನುತ್ತಿರಲಿಲ್ಲ.

"ಇವು ಏನು?" ಎಂದು ನಿರ್ದೇಶಕಿ ಕೇಳಿದರು.

"ನಾನು ತಗೊಂಡು ಹೋಗಿದ್ದೀನಿ ಅಂತ ಬರೆದಿರೋ ಕಂಪ್ಯೂಟರುಗಳು. ನಿಮ್ಮ ನೆಲಮಾಳಿಗೆಯಲ್ಲೇ ಇದ್ವು. ಇವುಗಳಿಂದಾಗಿ ನನ್ನ ಡಿಗ್ರಿ ನಿಲ್ಲಿಸಿದಾರೆ."

"ಕದ್ದಿದೀರಿ ಅಂತ ಯಾರೂ ಹೇಳಿಲ್ಲ" ಎಂದ ಕರ್ಟಿಸ್.

"ಕೇಳದೆ ತಗೊಂಡು ಹೋಗಿ ವಾಪಸ್ ಕೊಟ್ಟಿಲ್ಲ ಅಂತ ಹೇಳಿದೀರಿ. ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರಿಲ್ಲ."

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಫ್ಲಾಪಿಯ ಸೀಳು, ಜನವರಿಯ ಮೀಟಿಂಗು, ಥುಯ್ ಕಳೆದುಕೊಂಡ ದರ್ಜೆ, ಮೆಟ್ಟಿಲವರೆಗಿನ ಸಾಲು. ನನ್ನ ಇಂಗ್ಲಿಷು ಆ ದಿನ ತಪ್ಪಿಲ್ಲದೆ ಬಂತು ಎಂದು ಹೇಳಲಾರೆ. ತಪ್ಪುತಪ್ಪಾಗಿಯೇ ಬಂತು, ಆದರೆ ನಿಲ್ಲಲಿಲ್ಲ. ಕರ್ಟಿಸ್ ಕೆಟ್ಟವನೇನಲ್ಲ ಎಂದು ಆಮೇಲೆ ಹಲವರು ಹೇಳಿದರು. ಇರಬಹುದು. ಅವನಿಗೆ ಅದು ಒಂದು ಸಾಲಿನ ಬರಹ, ಬರೆದು ಮರೆತ. ನನಗೆ ಅದು ಏಳು ವರ್ಷ. ಕೆಟ್ಟವನಲ್ಲದವನು ಇಷ್ಟು ಹಾಳು ಮಾಡಬಹುದು ಎಂಬುದೇ ನನ್ನ ಸಿಟ್ಟು.

"ಸಹಿ ಮಾಡು ಕರ್ಟಿಸ್" ಎಂದರು ನಿರ್ದೇಶಕಿ.

ಅವನು ಜೇಬು ತಡವಿದ. ಪೆನ್ನಿರಲಿಲ್ಲ. ನನ್ನದನ್ನು ಕೊಟ್ಟೆ. ಕೇಕಿನ ಪಕ್ಕದಲ್ಲೇ ಫಾರಂ ಇಟ್ಟು ಸಹಿ ಮಾಡಿದ. ಒಂದು ಮೂಲೆಗೆ ಕೆನೆ ಮೆತ್ತಿತು. ಪೆನ್ನು ವಾಪಸು ಇಸಿದುಕೊಂಡೆ. ಕೇಕು ತಿನ್ನುವೆಯಾ ಎಂದು ಯಾರೋ ಕೇಳಿದರು. ಬೇಡ ಎಂದೆ.

ಹೊರಗೆ ಬರುವಾಗ ನಿರ್ದೇಶಕಿ ಹಿಂದೆಯೇ ಬಂದು, "ನಾವು ಏನು ಮಾಡಬೇಕಿತ್ತು ಅಂತೀರಿ?" ಎಂದು ಕೇಳಿದರು. ನಿಜವಾಗಿಯೂ ತಿಳಿಯಲು ಕೇಳಿದರು ಎಂದೇ ಅನ್ನಿಸಿತು.

"ಕೊಳ್ಳೋ ಮೊದಲು ನಿಮ್ಮಲ್ಲಿ ಒಬ್ಬರು, ಒಂದೇ ಒಂದು ದಿನ, ಪ್ರಿಂಟರ್ ಪಕ್ಕ ಕುರ್ಚಿ ಹಾಕ್ಕೊಂಡು ಕೂರಬೇಕಿತ್ತು" ಎಂದೆ. ನಾನು ಕೆನೆ ಒರೆಸಿ ಫಾರಮ್ಮನ್ನು ಆಸ್ತಿ ವಿಭಾಗಕ್ಕೆ ಒಯ್ದೆ. ಅವರು ಮುಚ್ಚಲು ಹತ್ತು ನಿಮಿಷ ಇತ್ತು.

ಆ ಶರತ್ಕಾಲದಲ್ಲಿ ಲೈಬ್ರರಿಯ ಪ್ರತಿ ಮಹಡಿಗೂ ಪಕ್ಕದಿಂದ ಜೋಡಿಸುವ ಫ್ಲಾಪಿ ಡ್ರೈವು ಬಂದವು. ಮಹಡಿಗೆ ನಾಲ್ಕು. ಲೈಬ್ರರಿಯ ವಾರ್ತಾಪತ್ರದಲ್ಲಿ 'ವಿದ್ಯಾರ್ಥಿಗಳ ಮಾತಿಗೆ ನಾವು ಕಿವಿಗೊಟ್ಟೆವು' ಎಂದು ಬರೆದುಕೊಂಡಿದ್ದರು. ಡೊಲೊರೆಸ್ ಆ ಪುಟವನ್ನು ಕತ್ತರಿಸಿ, ಅಂಚಿನಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ನನಗೆ ಅಂಚೆಯಲ್ಲಿ ಕಳಿಸಿದರು. ಅಂದಿನಿಂದ ನಾನು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ ಹಳೆಯ ಯಂತ್ರ ತೆಗೆದು ಹೊಸದನ್ನು ಹೂಡುವ ಕೆಲಸ. ಪ್ರತಿ ಸಲವೂ ಮೊದಲು ಕುರ್ಚಿ ಹಾಕಿಕೊಂಡು ಒಂದು ದಿನ ಸುಮ್ಮನೆ ಕೂರುತ್ತೇನೆ. ಜನ ಇದನ್ನು ತಾಳ್ಮೆ ಎನ್ನುತ್ತಾರೆ. ತಾಳ್ಮೆಯಲ್ಲ. ಆ ಸೋಮವಾರದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಪದವಿ ಪತ್ರದ ವಿಷಯ ಹೇಳಿ ಮುಗಿಸುತ್ತೇನೆ. ಮೇ ತಿಂಗಳ ಸಮಾರಂಭದಲ್ಲಿ ಕಪ್ಪು ಗೌನು ಹಾಕಿ ನಡೆದದ್ದು ನಿಜ. ಆದರೆ ಅಲ್ಲಿ ಎಲ್ಲರ ಕೈಗೂ ಕೊಡುವುದು ಖಾಲಿ ರಟ್ಟು. ಅಸಲು ಕಾಗದ ಮೂರು ತಿಂಗಳ ಮೇಲೆ ಬರುತ್ತದೆ. ಅಂಚೆಯಲ್ಲಿ ಕಳಿಸಲೇ ಎಂದು ಕೇಳಿದರು. ಬೇಡ, ಕೈಯಾರೆ ಇಸಿದುಕೊಳ್ಳುತ್ತೇನೆ ಎಂದೆ. ಅವರ ಅಂಚೆಯಲ್ಲಿ ಏನೇನು ಬರುತ್ತದೆ ಎಂದು ನನಗೆ ಗೊತ್ತಿತ್ತು.

ಆಗಸ್ಟಿನಲ್ಲಿ ಹೋದೆ. ಅತ್ತೆ ತಾವೂ ಬರುತ್ತೇನೆಂದು ಇಳಕಲ್ ಸೀರೆ ಉಟ್ಟು, ಕಾಲಿಗೆ ಪೂಜಾಳ ಸಾಕ್ಸು ಹಾಕಿಕೊಂಡು ಎರಡು ಬಸ್ಸು ಬದಲಿಸಿ ಬಂದರು. ಕಿಟಕಿಯಲ್ಲಿ ಕನ್ನಡಕದ ನಡುವಯಸ್ಸಿನ ಒಬ್ಬಾತ ಇದ್ದ. ನನ್ನ ಗುರುತಿನ ಚೀಟಿ ನೋಡಿದ, ಕಂಪ್ಯೂಟರಿನಲ್ಲಿ ಏನೋ ಒತ್ತಿದ, ತಡೆದ. ಹಿಂದಿನ ಟಿಪ್ಪಣಿ ಓದುತ್ತಿದ್ದಾನೆ ಎಂದು ಗೊತ್ತಾಯಿತು. "ಇಲ್ಲೊಂದು ಹೋಲ್ಡ್ ಇತ್ತು..." ಎಂದ. "ತೆಗೆದಿದ್ದಾರೆ" ಎಂದು ಒಳಗೆ ಹೋದ. ಬರಲು ಬಹಳ ಹೊತ್ತಾಯಿತು. ಬಂದವನು ದಪ್ಪ ಲಕೋಟೆಯನ್ನು ಕಿಟಕಿಯ ಕೆಳಗಿನಿಂದ ಜಾರಿಸಿ, ಒಂದು ಸಹಿ ಹಾಕಿಸಿಕೊಂಡು, "ಕಂಗ್ರಾಜುಲೇಶನ್ಸ್" ಎಂದ.

ನಾನು ತೆರೆದು ನೋಡಿದೆ. ನನ್ನ ಹೆಸರಿತ್ತು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆರಳು ತಾಗದಂತೆ ಅಂಚು ಹಿಡಿದು, ಮೇಲಿಂದ ಕೆಳಗೆ ನೋಡಿ ನನಗೆ ವಾಪಸು ಕೊಟ್ಟರು. ಆಮೇಲೆ ಕಿಟಕಿಯ ಗಾಜಿಗೆ ಮುಖ ಒಯ್ದು ಆತನಿಗೆ ಅಪ್ಪಟ ಗದಗಿನ ಮಾತಿನಲ್ಲಿ ಹೇಳಿದರು:

"ಏನಪಾ, ಅಕಿ ಏಳು ವರ್ಷ ನನ್ನ ಮುಂದ ಕುಂತು ಓದ್ಯಾಳ. ಇಷ್ಟು ಕಾಗದ ಕೊಡಾಕ ನಿಮಗ ಇಷ್ಟು ದಿನ ಬೇಕಾತೇನು? ನಾಚಿಕಿ ಆಗೂದಿಲ್ಲೇನು ನಿಮಗ?"

ಆತ ಹಿರಿಯಾಕೆ ಹರಸಿದರೆಂದು ತಿಳಿದು, ಬಾಯ್ತುಂಬ ನಕ್ಕು, ಕೈ ಮುಗಿಯಲು ನೋಡಿದ.

ಅತ್ತೆ ನನ್ನ ಕಡೆ ತಿರುಗಿದರು. "ನಗಾಕತ್ತಾನ ನೋಡು. ಅವಗ ತಿಳೀಲಿಲ್ಲ. ನೀ ಇಂಗ್ಲಿಷ್‌ನ್ಯಾಗ ಹೇಳು."